ಬರಿತಲೆಯಲ್ಲಿ ನಡೆಯಲಾರದವಳು

ಗೋವಾದ ಚಿಂಬಲ್‌ನಲ್ಲಿ ನಮ್ಮ ಪಕ್ಕದ ಖೋಲಿಯವಳು ಕಟ್ಟಡದ ಕೆಲಸದಲ್ಲಿ ಕಾಂಕ್ರೀಟಿನ ಬುಟ್ಟಿ ಹೊರುತ್ತಿದ್ದಳು. ದಪ್ಪನೆಯ ಹೆಂಗಸು, ಬಾಯಿ ಜೋರು. ಒಂದು ಬೇಸಿಗೆಯಲ್ಲಿ ಕೆಲಸಕ್ಕೆ ರಜೆ ಸಿಕ್ಕಿತೆಂದು ಓಣಿಯ ಹೆಂಗಸರೆಲ್ಲ ಬೋಂಡ್ಲಾ ಕಾಡಿನ ಹಳ್ಳ ನೋಡಲು ಹೋದೆವು. ಏರುದಾರಿಯ ಒಣ ಎಲೆಗಳ ಮೇಲೆ ಅವಳು ಮತ್ತೆ ಮತ್ತೆ ಜಾರಿ ಬಿದ್ದಳು.

“ನೀ ಗೇಟಿನ್ಯಾಗ ಕುಂದ್ರು. ಹಳ್ಳ ನಾವು ನೋಡಿ ಬರ್ತೇವಿ,” ಅಂದೆ.

“ಹಳ್ಳದಾಗ ಕಾಲಿಡಾಕ ಬಂದೇನಿ ನಾ. ಬುತ್ತಿ ಗಂಟು ಇತ್ತ ಕೊಡ ಯಕ್ಕಾ. ತಲಿ ಹಗುರಾದ್ರ ಕಾಲು ನಿಲ್ಲಂಗಿಲ್ಲ.”

ಯಾವಾಗಲೂ ಅವಳದು ಅದೇ ಮಾತು. ಎಲ್ಲರ ಬುತ್ತಿ ಹೊತ್ತು, ನಮಗಿಂತ ಮೊದಲೇ ಹಳ್ಳ ಮುಟ್ಟಿದಳು. ಉಂಡ ಮೇಲೆ ಬುತ್ತಿ ಖಾಲಿ. ಇಳಿಯುವಾಗ ಹಳ್ಳದ ಕಲ್ಲೊಂದನ್ನು ತಲೆಗೇರಿಸಿಕೊಂಡಳು.

ಕಾರವಾರದ ಕಡೆಯ ಗಾರ್ಡ್ ಒಬ್ಬ ತಡೆದ. “ಕಾಡಿನ ಕಲ್ಲು ಒಯ್ಯಬಾರದು. ಇಳಿಸು.”

“ನಾ ಬಿದ್ರ ನನ್ನ ನೀವು ಹೊರತೀರೇನ್ರಿ ಸಾಹೇಬ್ರ?”

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. “ಗೇಟಿನ ತನಕ ಒಯ್ಯಿ,” ಅಂದ.