ಮಗ್ಗದಜ್ಜನ ಬಣ್ಣ ತಪ್ಪಿಸಿದವನು

ಆ ಫೋನ್ ಮಾಡಿದವನು ನಾನು. ಚೌಕದ ಕಮಿಟಿ ಅಧ್ಯಕ್ಷರಲ್ಲ — ದನಿಯಷ್ಟೇ ಅವರದು, ಬಾಯಿ ನನ್ನದು.

ಬನಹಟ್ಟಿಯ ನಮ್ಮ ಚೌಕದ ಚರಿತ್ರೆ ಬರೆದುಕೊಡು ಎಂದು ಕಮಿಟಿಯವರು ಸ್ಮರಣ ಸಂಚಿಕೆಗೆ ಕೇಳಿದ್ದಾರೆ. ಊರವರ ದನಿ, ನಡಿಗೆ, ಕೆಮ್ಮು ಎಲ್ಲ ಕದ್ದು ನಗಿಸುವವನಿಗೆ ಚರಿತ್ರೆಯೂ ಬಂದೀತು ಎಂದುಕೊಂಡಿರಬೇಕು. ನನ್ನ ಮೂಗಿನ ದನಿಯನ್ನೂ ಅಣಕಿಸಿಕೊಳ್ಳುತ್ತೇನೆ; ಅದೊಂದನ್ನು ಮಾತ್ರ ಯಾರೂ ಗುರುತಿಸುವುದಿಲ್ಲ. ಸರಿ, ಬರೆಯುತ್ತೇನೆ — ಅವರು ಕೇಳಿದ್ದಲ್ಲ.

ಚೌಕದ ನಡುವೆ ಮಗ್ಗದ ಮುಂದೆ ಕೂತ ಸಿಮೆಂಟಿನ ನೇಕಾರನಿದ್ದಾನೆ. ನಮಗೆಲ್ಲ ಅವನು ಮಗ್ಗದಜ್ಜ. ಪಕ್ಕದಲ್ಲಿ ಕೊಕ್ಕು ಮುರಿದ ಎರಡು ಕೊಕ್ಕರೆ, ಉದ್ಘಾಟನೆಯ ದಿನ ಮಾತ್ರ ಚಿಮ್ಮಿದ ಕಾರಂಜಿ. ಪ್ರತಿ ದೀಪಾವಳಿಗೆ ಮುಂಚೆ ಪೇಂಟರ್ ಮಲ್ಲಪ್ಪ ಕಾಕಾ ಏಣಿ ಹಾಕಿ ಅಜ್ಜನಿಗೆ ಹೊಸ ಬಣ್ಣ ಹಚ್ಚುತ್ತಿದ್ದರು. ಮಗ್ಗದ ಮೇಲಿನ ಸಿಮೆಂಟ್ ಸೀರೆಯ ಅಂಚಿಗೆ ಆ ವರ್ಷ ಊರಲ್ಲಿ ಎಲ್ಲಕ್ಕಿಂತ ಹೆಚ್ಚು ನೇಯ್ದ ಬಣ್ಣ. ಒಂದು ವರ್ಷ ಗಿಳಿಹಸಿರು, ಇನ್ನೊಂದು ವರ್ಷ ಕುಂಕುಮಗೆಂಪು. ಅದಕ್ಕಾಗಿ ಕಾಕಾ ವಾರಗಟ್ಟಲೆ ನೇಕಾರರ ಮನೆ ಮನೆ ತಿರುಗಿ ಕೇಳುತ್ತಿದ್ದರು. ನಮ್ಮವ್ವ ನೇಯ್ದ ಬಣ್ಣ ಗೆದ್ದ ವರ್ಷ ಅವಳು ನೆರೆಮನೆಯವರನ್ನೆಲ್ಲ ಕರೆದುಕೊಂಡು ಹೋಗಿ, ಚೌಕ ಮೂರು ಸಲ ಸುತ್ತಿ ಬಂದಳು. ಈಗ ನೆನೆದರೆ —

ಐದು ವರ್ಷದ ಹಿಂದೆ, ಹಬ್ಬಕ್ಕೆ ಹದಿನೈದು ದಿನ ಇರುವಾಗ, ಅಧ್ಯಕ್ಷರ ದನಿ ಎಷ್ಟು ಕೂಡಿಬಂದಿದೆ ನೋಡೋಣವೆಂದು ಹೊಸ ಸಿಮ್ಮಿನಿಂದ ಕಾಕಾಗೆ ಫೋನ್ ಹಚ್ಚಿದೆ. ಅವರಂತೆಯೇ ಗಂಟಲು ಸರಿಮಾಡಿಕೊಂಡು ಹೇಳಿದೆ:

“ಮಲ್ಲಪ್ಪಾ, ಈ ವರ್ಷ ಬಣ್ಣ ಬ್ಯಾಡ ಬಿಡು. ಕಂಚಿನ ಮೂರ್ತಿ ತರಾಕತ್ತೇವಿ. ನೀ ಇನ್ನ ಮನ್ಯಾಗ ಆರಾಮ ಇರು.”

ಬೈಯುತ್ತಾರೆ, ಆಗ ನಕ್ಕು ಹೇಳಿಬಿಡೋಣ ಎಂದುಕೊಂಡಿದ್ದೆ. ಕಾಕಾ “ಆತ್ರಿ” ಎಂದು ಫೋನ್ ಇಟ್ಟರು. ನಾಳೆ ಹೇಳಿದರಾಯಿತು ಎಂದುಕೊಂಡೆ — ಮರುದಿನವೂ ಹಾಗೆಯೇ ಅಂದುಕೊಂಡೆ.

ಹಬ್ಬ ಬಂತು, ಕಾಕಾ ಬರಲಿಲ್ಲ. ಕಮಿಟಿಯವರು ಸಿಟ್ಟಿನಿಂದ ಮನೆಗೆ ಹೋದರೆ, ಕಾಕಾ ಅಧ್ಯಕ್ಷರಿಗೆ, ನೀವೇ ಫೋನ್ ಮಾಡಿ ಬೇಡ ಅಂದಿರಲ್ಲ ಎಂದರಂತೆ. ಅಧ್ಯಕ್ಷರು ಆಣೆ ಮಾಡಿ ಇಲ್ಲವೆಂದರು. ಅವರು ಹೇಳಿದ್ದು ಖರೆಯೇ, ಪಾಪ. ಕಾಕಾನ ಫೋನಿನಲ್ಲಿ ಅವರ ನಂಬರೂ ಇರಲಿಲ್ಲ; ಮಗ, ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾರದೊಳಗೆ ಊರಿಗೆಲ್ಲ ಒಂದೇ ಮಾತು — ಮಲ್ಲಪ್ಪನಿಗೆ ಅರಳುಮರಳು. ಇನ್ಯಾರೋ ಸ್ಪ್ರೇ ಯಂತ್ರ ತಂದು ಮಗ್ಗದಜ್ಜನಿಗೆ ತಲೆಯಿಂದ ಕಾಲಿನತನಕ ಬಂಗಾರದ ಬಣ್ಣ ಹೊಡೆದರು. ಅಜ್ಜ, ಲಾಳಿ, ಸೀರೆ, ಅಂಚು ಎಲ್ಲ ಒಂದೇ. ಕಾಕಾ ಮತ್ತೆ ಕುಂಚ ಹಿಡಿಯಲಿಲ್ಲ. ನಾನೋ — ಮದುವೆಮನೆಗಳಲ್ಲಿ ಅರಳುಮರಳು ಮಲ್ಲಪ್ಪನನ್ನೂ ಮಾಡಿ ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು.

ಹೋದ ವಾರ ಚರಿತ್ರೆ ಕೇಳುವ ನೆಪದಲ್ಲಿ ಅವರ ಮನೆಗೆ ಹೋದೆ. ಯಾವ ವರ್ಷ ಯಾವ ಅಂಚು, ಅದು ಯಾರ ಮಗ್ಗದ್ದು — ಒಂದೂ ತಪ್ಪದೆ ಹೇಳಿದರು. ಆಮೇಲೆ ಸೊಸೆ ಒಳಗೆ ಹೋದದ್ದನ್ನು ನೋಡಿ, ಸಣ್ಣ ದನಿಯಲ್ಲಿ ಕೇಳಿದರು:

“ತಮ್ಮಾ, ಖರೆ ಹೇಳು. ನನಗ ಮರವು ಹೆಚ್ಚಾಗೇತೇನು? ಆ ಫೋನ್ ಬಂದಿತ್ತು ಅಂತ ಇನ್ನೂ ಅನಸ್ತೈತಿ.”

ಉತ್ತರ ಗೊತ್ತಿದ್ದವನು ಊರಲ್ಲಿ ನಾನೊಬ್ಬನೇ.

“ವಯಸ್ಸಾತಲ್ರಿ ಕಾಕಾ,” ಎಂದೆ.

ಅವರು ಹೌದೆನ್ನುವಂತೆ ತಲೆಯಾಡಿಸಿದರು. ನಾನು ಚಹಾ ಮುಗಿಸಿ ಎದ್ದು ಬಂದೆ.

ಕಾಕಾ, ಫೋನ್ ಬಂದಿತ್ತು. ನಿಮ್ಮ ನೆನಪು ಆಗಲೂ ಸರಿಯಿತ್ತು, ಈಗಲೂ ಸರಿಯಿದೆ. ಈ ಹಾಳೆಗಳನ್ನು ಸಂಚಿಕೆಗೆ ಕೊಡುವ ಮೊದಲು, ನಾಳೆ ಮುಂಜಾನೆ, ನಿಮ್ಮ ಮನೆಗೆ ತರುತ್ತೇನೆ. ಮತ್ತೆ ಬಣ್ಣ ಹಚ್ಚಿರೆಂದು ಕೇಳುವ ಮುಖ ನನಗಿಲ್ಲ. ನಿಮ್ಮ ಮಗ, ಸೊಸೆ ಇಬ್ಬರೂ ಇರುವಾಗಲೇ ಓದುತ್ತೇನೆ. ಹೊಸಿಲು ದಾಟಬೇಡ ಎಂದರೆ ಅಲ್ಲೇ ಹೊರಗೆ ನಿಂತು ಓದುತ್ತೇನೆ — ಓಣಿಗೆಲ್ಲ ಕೇಳಿಸಲಿ.