ಮಾವ ಕಲಿಸಿದ ಚದುರಂಗ

ನಾನು ಮದುವೆಯಾಗಿ ಹನಗೋಡಿಗೆ ಬಂದ ವರ್ಷ ಮಾವ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡರು. ಮೂರು ತಿಂಗಳು ಹಜಾರದಲ್ಲೇ ವಾಸ. ಅವರ ಜೊತೆ ಚದುರಂಗ ಆಡುತ್ತಿದ್ದವರೆಲ್ಲ ಗದ್ದೆ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಬೇಸರ ತಡೆಯಲಾರದೆ ಒಂದು ದಿನ ನನ್ನನ್ನೇ ಕರೆದು ಮಣೆಯ ಮುಂದೆ ಕೂರಿಸಿಕೊಂಡರು. ಮೂಳೆ ಕೂಡುವಷ್ಟರಲ್ಲಿ ನಾನು ಅವರನ್ನು ಸೋಲಿಸತೊಡಗಿದ್ದೆ. ಅವರಿಗೆ ಕೋಪವೇನೂ ಬರಲಿಲ್ಲ; ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದರು.

ಎರಡು ವರ್ಷದ ಮೇಲೆ, ಐವತ್ತರ ದಶಕದ ಕೊನೆಯಲ್ಲಿ, ಮುಂಬಯಿಯ ಒಬ್ಬ ಹೆಸರಾಂತ ಆಟಗಾರರು ಮಡಿಕೇರಿಗೆ ಹೋಗುವ ದಾರಿಯಲ್ಲಿ ಹುಣಸೂರಿನ ಶಾಲೆಯೊಂದರಲ್ಲಿ ಹನ್ನೆರಡು ಜನರ ಜೊತೆ ಒಟ್ಟಿಗೆ ಆಡುತ್ತಾರೆಂದು ಸುದ್ದಿಯಾಯಿತು. ಹೊರದೇಶದಲ್ಲೂ ಗೆದ್ದು ಬಂದವರಂತೆ. ಮಾವ ನನ್ನ ಹೆಸರು ಬರೆಸಿ ಬಂದು, ಆಮೇಲೆ ನನಗೆ ಹೇಳಿದರು.

ಸಾಲಾಗಿ ಇಟ್ಟ ಬೆಂಚುಗಳಲ್ಲಿ ಹನ್ನೊಂದು ಗಂಡಸರು, ತುದಿಯಲ್ಲಿ ನಾನು, ನನ್ನ ಹಿಂದೆ ನಿಂತ ಮಾವ. ಕಾಲಾಳು ಮೊದಲ ಸಲ ಎರಡು ಮನೆ ನಡೆಯಬಹುದು ಎಂದು ಹೆಡ್‌ಮಾಸ್ತರು ವಿವರಿಸಿದರು. ನಮ್ಮ ಹಜಾರದಲ್ಲಿ ಅದು ಎಂದೂ ಒಂದೇ ಮನೆ. ಹೊಸ ನಡೆಯ ಸಹವಾಸವೇ ಬೇಡವೆಂದು ನಾನು ಒಂದೊಂದೇ ಮನೆ ನಡೆಸಿ ರಾಜನ ಸುತ್ತ ಗೋಡೆ ಕಟ್ಟಿದೆ. ಮುಂಬಯಿಯವರು ನಡೆದುಕೊಂಡೇ ಬಂದು, ಒಂದು ಕಾಯಿ ಸರಿಸಿ, ಮುಂದಿನ ಬೆಂಚಿಗೆ ಹೋಗಿಬಿಡುತ್ತಿದ್ದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹನ್ನೊಂದು ಜನರೂ ಸೋತು ನನ್ನ ಬೆನ್ನ ಹಿಂದೆ ನಿಂತಿದ್ದರು. ಮುಂಬಯಿಯವರು ಕುರ್ಚಿ ತರಿಸಿಕೊಂಡು ನನ್ನೆದುರು ಕೂತರು. ನನ್ನ ಎರಡೂ ಆನೆ ಹೋಗಿದ್ದವು. ಇನ್ನೊಂದೆರಡು ನಡೆಗೆ ನನ್ನ ಕಥೆ ಮುಗಿಯುವುದರಲ್ಲಿತ್ತು. ಉಳಿದಿದ್ದ ಮಂತ್ರಿಯನ್ನು ನುಗ್ಗಿಸಿ ಅವರ ರಾಜನಿಗೆ ಚೆಕ್ ಕೊಟ್ಟೆ. ರಾಜ ಪಕ್ಕಕ್ಕೆ ಸರಿದ. ಮತ್ತೆ ಚೆಕ್. ರಾಜ ಮೊದಲಿನ ಮನೆಗೇ ಬಂದ. ಮತ್ತೆ ಚೆಕ್. ಇದು ಹೀಗೇ ಕೊನೆಯಿಲ್ಲದೆ ನಡೆಯುವಂತಿತ್ತು. ಅವರು ನಗುತ್ತಾ ಹೆಡ್‌ಮಾಸ್ತರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು.

"ಆಟ ಸರಿಸಮ ಅಂತಿದಾರೆ. ಒಪ್ಕೋತೀರೇನಮ್ಮ?"

ನಾನು ತಿರುಗಿ ಮಾವನ ಮುಖ ನೋಡಿದೆ.

"ನನ್ನ ಯಾಕ್ ನೋಡೀಯವ್ವ? ಆಟ ನಿಂದು ಕಣವ್ವ," ಎಂದರು ಮಾವ.

ಒಪ್ಪಿಕೊಂಡೆ. ಅವರು ಕೈ ಚಾಚಿದರು, ನಾನು ಗಾಬರಿಯಲ್ಲಿ ನಮಸ್ಕಾರ ಮಾಡಿದೆ. ಅವರೂ ಕೈ ಹಿಂತೆಗೆದು ನಮಸ್ಕರಿಸಿ, ಯಾರು ಕಲಿಸಿದ್ದೆಂದು ಹೆಡ್‌ಮಾಸ್ತರಿಂದ ಕೇಳಿಸಿದರು. ಮಾವನನ್ನು ತೋರಿಸಿದೆ. ಅಷ್ಟು ಹೊತ್ತು ಗತ್ತಿನಲ್ಲಿ ನಿಂತಿದ್ದ ಮಾವ ಪಂಚೆ ಸರಿಮಾಡಿಕೊಳ್ಳುತ್ತಾ ಗೋಡೆ ನೋಡತೊಡಗಿದರು.

ಆದರೆ ಬಸ್ಸು ಹತ್ತಿದೊಡನೆ ಅವರಿಗೆ ಬಾಯಿ ಬಂತು. ಸೊಸೆ ಮುಂಬಯಿಯವರನ್ನು ಸೋಲಿಸಿಬಿಟ್ಟಳೆಂದು ಕಂಡಕ್ಟರಿಗೆ ಹೇಳುತ್ತಿದ್ದರು. ಗೆಲ್ಲಲಿಲ್ಲ ಮಾವ, ಸರಿಸಮ ಎಂದು ನಾನು ಮೆಲ್ಲಗೆ ತಿದ್ದಿದೆ.

"ಊರು ಬರೋಗಂಟ ಗೆದ್ದಂಗೇ ಇರ್ಲಿ ಬುಡವ್ವ," ಎಂದು ಅವರು ಕಂಡಕ್ಟರ್ ಕಡೆಗೆ ತಿರುಗಿದರು.