ಎಳೆ ಇದೆ

ನಮ್ಮ ಅತ್ತೆಯ ಒಲೆಯ ಮೇಲೆ ಎರಡು ರಾಳಗಳು ಜಗಳವಾಡಿದ್ದನ್ನು ನಾನು ಕಂಡಿಲ್ಲ. ದೋಣಿಗಳ ಬಿಡಿಭಾಗ ಮಾಡುವ ಪುಟ್ಟ ಕಾರ್ಖಾನೆ ನಮ್ಮದು. ರಾಳ ಕಾಯಿಸುವುದು ಅವರ ಕೆಲಸ, ಅಚ್ಚು ಕಟ್ಟುವುದು ನನ್ನದು. ಜಗಳವೇನಿದ್ದರೂ ನಮ್ಮಿಬ್ಬರ ನಡುವೆ.

ಫಿನಾಲಿಕ್ ಎಂಬ ಕೆಂಗಪ್ಪು ರಾಳಕ್ಕೆ ಅತ್ತೆ ಇಟ್ಟ ಹೆಸರು ಕೋಪಿಷ್ಠ. ಬಿಸಿಗೆ ಜಗ್ಗುವುದಿಲ್ಲ, ಪೆಟ್ಟು ಬಿದ್ದರೆ ಮಾತ್ರ ಪಟ್ಟನೆ ಸೀಳುತ್ತದೆ. ಹಿಡಿದರೆ ಬಿಡದ ಎಪಾಕ್ಸಿ ರಾಳಕ್ಕೆ ಅಂಟಣ್ಣ ಎಂದು ಹೆಸರು. ಇಬ್ಬರನ್ನೂ ಸೇರಿಸಿ ಕಾಯಿಸಿದರೆ ಸುಮ್ಮನೆ ಬೆರೆಯುವುದಿಲ್ಲ, ಒಬ್ಬನ ಕೊಂಡಿ ಇನ್ನೊಬ್ಬನಿಗೆ ಸಿಕ್ಕಿಕೊಳ್ಳುತ್ತದೆ. ಗಟ್ಟಿಯಾಗಲು ಬೇರೆ ಮದ್ದೇ ಬೇಡ. ಆದರೆ ಕೋಪಿಷ್ಠ ಗಟ್ಟಿಯಾಗುತ್ತಾ ನೀರು ಬಿಡುತ್ತಾನೆ. ಅದು ತೆರೆದ ಪಾತ್ರೆಯಲ್ಲೇ ಆದಷ್ಟೂ ಆವಿಯಾಗಿ ಹೋಗಬೇಕು. ಅತ್ತೆ ಎರಡು ಕಡ್ಡಿಗಳ ನಡುವೆ ರಾಳವನ್ನು ಎಳೆದು ನೋಡುತ್ತಾರೆ. ದಾರದಂತೆ ಎಳೆ ಬಂದರೆ ಹದ ಬಂತೆಂದು ಲೆಕ್ಕ.

ಮಾವ ಜನರನ್ನು ದಾಟಿಸುವ ದೋಣಿ ಓಡಿಸುತ್ತಾರೆ. ಅದರ ನೀರೊಳಗಿನ ಫ್ಯಾನ್ ತಿರುಗಿಸುವ ದಂಡಕ್ಕೆ ಬಳೆಯಂತೆ ತೊಡಿಸುವ ಬುಷ್ ಸವೆದು ದೋಣಿ ದಡದಲ್ಲೇ ಕೂತಿತ್ತು. ಸೋಮವಾರ ಓಡಿಸದಿದ್ದರೆ ಆ ದಾರಿ ಬೇರೆಯವರ ಪಾಲು ಎಂದು ಬಂದರಿನವರು ಖಡಾಖಂಡಿತವಾಗಿ ಹೇಳಿದ್ದರು.

"ನಾವಿಲ್ವಾ? ಮಾಡಿಕೊಡ್ತೀವಿ," ಎಂದರು ಅತ್ತೆ.

ಶನಿವಾರ ರಾಳ ಒಲೆಯೇರಿತು. ಗೋಡೆಯ ಫ್ಯಾನು ಭೋರ್ ಎನ್ನುತ್ತಿತ್ತು. "ಅತ್ತೇ, ಆಯ್ತಾ?" ಎಂದು ಕೇಳಿದೆ. ಆಗಲೇ ಮಾವ ಬಾಗಿಲಿಗೆ ಬಂದು, ಬುಷ್ ಎಲ್ಲಿ ಎಂದು ಮತ್ತೆ ತಲೆ ತಿನ್ನತೊಡಗಿದ್ದರು. ಅತ್ತೆ ನನ್ನತ್ತ "ಎಳೆ ಇದೆ!" ಎಂದು ಕೂಗಿ, ಮಾವನನ್ನು ಗದರಲು ಹೊರಗೆ ಹೋದರು. ನಾನು ಪಾತ್ರೆ ಇಳಿಸಿದೆ, ಬಟ್ಟೆಗೆ ರಾಳ ಸವರಿ ಅಚ್ಚಿನ ಕಂಬಿಗೆ ಸುತ್ತಿದೆ, ಅಚ್ಚು ಬಿಗಿದು ಓವನ್ನಿಗೆ ತಳ್ಳಿದೆ.

ಅತ್ತೆ ಬಂದವರೇ ಖಾಲಿ ಪಾತ್ರೆ ನೋಡಿ ಹೌಹಾರಿದರು. "ಯಾರೇ ಇಳಿಸು ಅಂದಿದ್ದು?"

"ನೀವೇ! ಎಳೆ ಇದೆ ಅಂದ್ರಲ್ಲ!"

"ಇನ್ನೂ ಎಳೆ ಇದೆ ಅಂದೆ ಕಣೇ! ಎಳೆಗಾಯಿ ಅಂತೀವಲ್ಲ, ಹಾಗೆ. ಬಲಿತಿಲ್ಲ ಅಂತ!"

"ಆ 'ಇನ್ನೂ'ನ ಫ್ಯಾನ್ ನುಂಗ್ತು. ದಾರಾನೂ ಎಳೆ, ಕಾಯೀನೂ ಎಳೆ! ನಾನೇನು ಕನಸು ಕಾಣ್ಬೇಕಾ?"

ತಪ್ಪು ನನ್ನದಲ್ಲ, ಆ ಹಾಳು ಮಾತಿನದು. ಈಗಲೂ ಅದನ್ನೇ ಹೇಳುತ್ತೇನೆ.

ಅಚ್ಚು ಬಿಚ್ಚಿದರೆ ಬುಷ್ಷಿನ ತುಂಬಾ ಗುಳ್ಳೆ. ಒಳಗೆ ಸಿಕ್ಕಿಬಿದ್ದ ನೀರು ಆವಿಯಾಗಿ ಉಬ್ಬಿತ್ತು.

"ಕರಗಿಸಿ ಇನ್ನೊಂದ್ಸಲ ಮಾಡೋಕಾಗಲ್ವಾ?" ಎಂದರು ಮಾವ.

"ಮೇಣ ಅನ್ಕೊಂಡ್ರಾ? ಕೊಂಡಿ ಬಿತ್ತು ಅಂದ್ರೆ ಬಿತ್ತು. ಇನ್ನು ಕಾಯಿಸಿದ್ರೆ ಸುಡುತ್ತೆ, ಕರಗಲ್ಲ," ಎಂದರು ಅತ್ತೆ.

ಮಾವ ಡ್ರಮ್ಮಿನ ಮೇಲೆ ಕುಸಿದು ಕುಳಿತರು. ನಾನು ಹೋಗಿ ರಾಳದ ಡಬ್ಬಿಗಳನ್ನು ತೆರೆದು ನೋಡಿದೆ. ಡಬ್ಬಿಗಳ ತಳದಲ್ಲಿ ಇನ್ನೊಂದೇ ಬುಷ್ಷಿಗಾಗುವಷ್ಟು ರಾಳವಿತ್ತು.

ಅತ್ತೆ ತಳ ಇಣುಕಿ ನೋಡಿ, "ಸಾಕು, ಬೇಕಾದಷ್ಟಾಯ್ತು," ಎಂದರು. ಅವರ ಧೈರ್ಯವೇ ಅಂಥದ್ದು.

ಭಾನುವಾರ ಮಾವನಿಗೆ ಕಾರ್ಖಾನೆಯ ಬಾಗಿಲು ಬಂದ್. "ಇವತ್ತು ಎಳೆ ಅನ್ನೋ ಮಾತೇ ಎತ್ತಬೇಡಿ," ಎಂದೆ ನಾನು. "ಹಸಿ ಅಂದ್ರೆ ಹಸಿ, ಹದ ಅಂದ್ರೆ ಹದ."

"ಆಗಲಿ ತಾಯಿ, ನಿನ್ನಪ್ಪಣೆ," ಎಂದರು ಅತ್ತೆ. ಎಷ್ಟೋ ಹೊತ್ತು ಹಸಿ, ಹಸಿ ಎನ್ನುತ್ತಲೇ ಇದ್ದು, ಆಮೇಲೆ ಕಡ್ಡಿಗಳನ್ನು ನನ್ನ ಕೈಗೇ ಕೊಟ್ಟರು. "ನೀನೇ ನೋಡು."

ಎಳೆದೆ. ಕಿಟಕಿಯ ಬೆಳಕಿನಲ್ಲಿ ನೀಳವಾದ ದಾರ ಮಿನುಗಿತು. "ಹದ!" ಎಂದು ಬೀದಿಗೆ ಕೇಳುವಂತೆ ಕೂಗಿದೆ. ಅಂದು ಅಚ್ಚಿನಿಂದ ಬಂದ ಬುಷ್ಷಿನಲ್ಲಿ ಹುಡುಕಿದರೂ ಒಂದು ಗುಳ್ಳೆಯೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಹೊಸ ಬುಷ್ ತೊಟ್ಟು ದೋಣಿ ಹೊರಟಿತು. ಮೊದಲ ಸುತ್ತು ಮುಗಿಸಿ ಬರುವವರೆಗೂ ಅತ್ತೆ ದಡದಲ್ಲಿ ಕೂರಲಿಲ್ಲ. ಬಂತು, ಭರ್ತಿ ಜನರೊಂದಿಗೆ, ಒಂಚೂರೂ ಅದುರದೆ. ಮಾವ ನಮ್ಮತ್ತ ಹಗ್ಗ ಎಸೆದು ಗಂಟಲು ಹರಿಯುವಂತೆ ಕೂಗಿದರು: "ಎಳೆಯಮ್ಮಾ, ಎಳೆ!"

ಅತ್ತೆ ನನ್ನ ಮುಖ ನೋಡಿದರು. "ಯಾವ ಎಳೆ ಅಂತ ಮೊದಲು ಕೇಳೇ!"

ನಗು ತಡೆಯಲಾಗದೆ ನನ್ನ ಕೈಯಿಂದ ಹಗ್ಗ ಜಾರಿತು. ಅತ್ತೆ ಅದನ್ನು ಹಿಡಿದುಕೊಂಡು, ಅರ್ಧ ನನ್ನ ಕೈಗೆ ಕೊಟ್ಟರು. ಎಳೆದೆವು, ಇಬ್ಬರೂ ಸೇರಿ.